ಅರ್ಜಿ ಇಲ್ಲದೆ ಕೂರಬಹುದಾದ ಸರ್ಕಾರಿ ಕೋಣೆ

(ಗ್ರಂಥಾಲಯ ಸಪ್ತಾಹದ ಒಂದು ಸಂಜೆ ಮಡಿಕೇರಿಯಲ್ಲಿ ಆಡಿದ ಮಾತಿನ ಬರಹ ರೂಪ)

ಇಲ್ಲಿ ಕೂತವರಲ್ಲಿ ಎಷ್ಟು ಜನ ಸಾರ್ವಜನಿಕ ಗ್ರಂಥಾಲಯಕ್ಕೆ ದುಡ್ಡು ಕೊಟ್ಟಿದ್ದೀರಿ? ಕೈ ಎತ್ತಿ, ನೋಡೋಣ. ಮುಂದಿನ ಸಾಲಿನಲ್ಲಿ ಒಂದೆರಡು, ಹಿಂದೆ ಒಂದು. ಅಷ್ಟೇನಾ? ಸ್ವಂತ ಮನೆ ಇರುವವರೆಲ್ಲ ಕೈ ಎತ್ತಬೇಕಿತ್ತು. ಮನೆಗೆ ಹೋದ ಮೇಲೆ ಕಂದಾಯದ ರಶೀದಿ ತೆಗೆದು ನೋಡಿ. ತೆರಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಕೆಲವು ಸಾಲುಗಳಿರುತ್ತವೆ. ಅದರಲ್ಲಿ ಒಂದು ಗ್ರಂಥಾಲಯ ಕರ. ತೆರಿಗೆಯ ಪ್ರತಿ ರೂಪಾಯಿಗೆ 6 ಪೈಸೆ. ಸಾವಿರ ರೂಪಾಯಿ ತೆರಿಗೆ ಕಟ್ಟಿದವರು 60 ರೂಪಾಯಿ ಗ್ರಂಥಾಲಯಕ್ಕೆ ಕೊಟ್ಟಾಯಿತು. ಕೊಟ್ಟು ಆ ಕಡೆ ತಿರುಗಿಯೂ ನೋಡುವುದಿಲ್ಲ. ಹೋಟೆಲಿನಲ್ಲಿ ಮೊದಲೇ ಬಿಲ್ಲು ಕಟ್ಟಿ, ಊಟ ಮಾಡದೆ ಎದ್ದು ಬಂದ ಹಾಗೆ.

ಈ ಕರಕ್ಕೆ ಆಧಾರ 1965ರ ಗ್ರಂಥಾಲಯ ಕಾಯ್ದೆ. ಆಗ ನಮ್ಮ ರಾಜ್ಯದ ಹೆಸರು ಮೈಸೂರು. ಕೊಡಗು ಅದಕ್ಕೆ ಸೇರಿ ಇನ್ನೂ 9 ವರ್ಷ ಆಗಿತ್ತು. ಮದ್ರಾಸಿನಲ್ಲಿ ಇಂಥ ಕಾಯ್ದೆ 1948ರಲ್ಲೇ ಬಂದಿತ್ತು, ಆಂಧ್ರದಲ್ಲಿ 1960ರಲ್ಲಿ. ಆಮೇಲೆ ನಾವು. ಅಂದರೆ ಇದು ಯಾರೋ ದೊಡ್ಡ ಮನಸ್ಸು ಮಾಡಿ ನಡೆಸುತ್ತಿರುವ ಧರ್ಮಕಾರ್ಯ ಅಲ್ಲ. ನಮ್ಮ ದುಡ್ಡು, ನಮ್ಮ ಕೋಣೆ.

ಈ ಕೋಣೆಗಳು ಎಲ್ಲೆಲ್ಲಿವೆ? ಮಡಿಕೇರಿಯಲ್ಲಿ ಜಿಲ್ಲಾ ಕೇಂದ್ರ ಗ್ರಂಥಾಲಯ ಇದೆ. ಪಟ್ಟಣಗಳಲ್ಲಿ ಶಾಖೆಗಳಿವೆ. ಹಳ್ಳಿಗಳಲ್ಲಿ ಪಂಚಾಯಿತಿ ಗ್ರಂಥಾಲಯಗಳಿವೆ. ಹಳ್ಳಿಯವು 2019ರಲ್ಲಿ ಗ್ರಂಥಾಲಯ ಇಲಾಖೆಯಿಂದ ಪಂಚಾಯತ್ ರಾಜ್ ಇಲಾಖೆಗೆ ಬಂದವು. ಈಗ ಬೋರ್ಡಿನಲ್ಲಿ 'ಅರಿವು ಕೇಂದ್ರ' ಎಂದಿರುತ್ತದೆ. ಬೋರ್ಡು ಬದಲಾಗಿದ್ದರಿಂದ ಗ್ರಂಥಾಲಯ ಮುಚ್ಚಿತು ಎಂದುಕೊಂಡವರೂ ಇದ್ದಾರೆ. ಮುಚ್ಚಿಲ್ಲ, ಅದೇ ಇದು. ಹಲವು ಕಡೆ ಕಂಪ್ಯೂಟರ್ ಬಂದಿದೆ, ಟಿ.ವಿ. ಬಂದಿದೆ. 2020ರಲ್ಲಿ ರಾಜ್ಯದ ಡಿಜಿಟಲ್ ಗ್ರಂಥಾಲಯವೂ ಶುರುವಾಯಿತು. ಉಚಿತವಾಗಿ ಹೆಸರು ನೋಂದಾಯಿಸಿಕೊಂಡರೆ ನಿಮ್ಮ ಫೋನಿನಲ್ಲೇ ಪುಸ್ತಕ ತೆರೆಯುತ್ತದೆ. ಸರ್ಕಾರದ 'ಕಣಜ' ಜಾಲತಾಣದಲ್ಲೂ ಕನ್ನಡದಲ್ಲಿ ಬೇಕಾದಷ್ಟು ಓದು ಇದೆ.

ಇಷ್ಟೆಲ್ಲ ಇದ್ದೂ ದೊಡ್ಡವರು ಯಾಕೆ ಬರುವುದಿಲ್ಲ? ಇವತ್ತು ನನಗೆ ಮಾತಾಡಬೇಕಾದದ್ದು ಇದರ ಬಗ್ಗೆ.

ಪಂಚಾಯಿತಿ ಗ್ರಂಥಾಲಯಕ್ಕೆ ಮಕ್ಕಳು ಬರುತ್ತಾರೆ. 2020ರಲ್ಲಿ 'ಓದುವ ಬೆಳಕು' ಎಂದು ಮಾಡಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟರು. ಒಳ್ಳೆಯ ಕೆಲಸ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು ಬರುತ್ತಾರೆ, ಬೆಳಿಗ್ಗೆ ಪೇಪರ್ ನೋಡಲು ನಾಲ್ಕಾರು ಗಂಡಸರು ಬರುತ್ತಾರೆ. ಅಲ್ಲಿಗೆ ಮುಗಿಯಿತು. ನಲವತ್ತು ದಾಟಿದ ಹೆಂಗಸರನ್ನು ನೀವು ಗ್ರಂಥಾಲಯದಲ್ಲಿ ಕೊನೆಯ ಸಲ ನೋಡಿದ್ದು ಯಾವಾಗ? ತೋಟದ ಲೈನ್ ಮನೆಗಳಲ್ಲಿರುವ ಕೂಲಿಯವರನ್ನು ನೋಡಿದ್ದೀರಾ?

ಕೇಳಿದರೆ ಎಲ್ಲರೂ ಹೇಳುವ ಉತ್ತರ ಪುರುಸೊತ್ತಿಲ್ಲ ಅಂತ. ನಾನು ಅದನ್ನು ಪೂರ್ತಿ ನಂಬುವುದಿಲ್ಲ. ಅದೇ ಜನ ಸಂಜೆ ಎರಡು ಗಂಟೆ ಫೋನ್ ನೋಡುತ್ತಾರೆ. ನಿಜವಾದ ಕಾರಣ ನಾಚಿಕೆ. ಅಕ್ಷರ ಮರೆತುಹೋಗಿದೆ ಎಂಬ ನಾಚಿಕೆ. ಕನ್ನಡಕ ಇಲ್ಲದೆ ಓದಲಾಗದು, ಕನ್ನಡಕ ಮಾಡಿಸಿಲ್ಲ ಎಂಬ ನಾಚಿಕೆ. ಮೊಮ್ಮಕ್ಕಳ ವಯಸ್ಸಿನವರ ಮುಂದೆ 'ಇದು ಹೇಗೆ ಒತ್ತುವುದು' ಎಂದು ಕೇಳುವ ನಾಚಿಕೆ. ಜೊತೆಗೆ ಅಭ್ಯಾಸವೂ ಇದೆ. ಸರ್ಕಾರಿ ಕಟ್ಟಡ ಎಂದರೆ ಅರ್ಜಿ, ಜೆರಾಕ್ಸ್, ಸಹಿ, ನಾಳೆ ಬಾ. ಕೈಯಲ್ಲಿ ಕಾಗದ ಇಲ್ಲದೆ ಒಳಗೆ ಹೋಗಬಹುದಾದ ಸರ್ಕಾರಿ ಕೋಣೆ ಒಂದಿದೆ ಎಂದು ನಮಗೆ ನಂಬಿಕೆಯೇ ಬರುವುದಿಲ್ಲ. ಗ್ರಂಥಾಲಯ ಅಂಥ ಕೋಣೆ. ಅಲ್ಲಿ ಸುಮ್ನೆ ಕೂರಬಹುದು. ಯಾಕೆ ಬಂದಿರಿ ಎಂದು ಯಾರೂ ಕೇಳಬಾರದು.

ಒಂದು ಸಣ್ಣ ಅಡ್ಡ ಮಾತು. ಎಸ್.ಆರ್. ರಂಗನಾಥನ್ ಅವರ ಹೆಸರು ಗ್ರಂಥಾಲಯದವರಿಗೆಲ್ಲ ಗೊತ್ತು. ಅವರ ಹುಟ್ಟುಹಬ್ಬವನ್ನೇ, ಆಗಸ್ಟ್ 12ನ್ನು, ಗ್ರಂಥಪಾಲಕರ ದಿನ ಎಂದು ಮಾಡುತ್ತಾರೆ. ಅವರು ಮೊದಲು ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಶುರುವಿನಲ್ಲಿ ಬೇಜಾರಾಗಿ ಪಾಠ ಮಾಡುವ ಕೆಲಸಕ್ಕೇ ವಾಪಸ್ ಕಳಿಸಿ ಎಂದು ಕೇಳಿದ್ದರಂತೆ. ಇಂಗ್ಲೆಂಡಿಗೆ ಹೋಗಿ ಅಲ್ಲಿನ ಊರೂರಿನ ಗ್ರಂಥಾಲಯಗಳನ್ನು ನೋಡಿದ ಮೇಲೆ ಮನಸ್ಸು ಬದಲಾಯಿತು. 1931ರಲ್ಲಿ ಅವರ ಐದು ಸೂತ್ರಗಳು ಬಂದವು. ಮೊದಲನೆಯದು ತುಂಬ ಸರಳ: ಪುಸ್ತಕ ಇರುವುದು ಬಳಸಲಿಕ್ಕೆ. ಬೀರುವಿಗೆ ಬೀಗ ಹಾಕಿ ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವವರಿಗೆ ಹೇಳಿದ ಮಾತು ಅದು. ಅದೇ ವರ್ಷ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಎತ್ತಿನ ಗಾಡಿಯಲ್ಲಿ ಪುಸ್ತಕ ತುಂಬಿಕೊಂಡು ಹಳ್ಳಿಗೆ ಹೋಗುವ ಗ್ರಂಥಾಲಯ ಶುರುವಾಯಿತು. ಓದುವವರು ಬರದಿದ್ದರೆ ಪುಸ್ತಕವೇ ಹೋಗಲಿ ಅಂತ. ರಂಗನಾಥನ್ ಕೊನೆಗೆ ನೆಲೆಸಿದ್ದು ಬೆಂಗಳೂರಿನಲ್ಲಿ. 1972ರಲ್ಲಿ ಅಲ್ಲೇ ತೀರಿಕೊಂಡರು. ನಮ್ಮ ಗುಡ್ಡದಲ್ಲಿ ಎತ್ತಿನ ಗಾಡಿ ಆಗದು, ಒಪ್ಪುತ್ತೇನೆ. ಆದರೆ ಒಂದು ಜೀಪಿನಲ್ಲಿ ಎರಡು ಪೆಟ್ಟಿಗೆ ಪುಸ್ತಕ ಲೈನ್ ಮನೆಗೆ, ಆದಿವಾಸಿಗಳ ಹಾಡಿಗೆ ಹೋಗಬಾರದು ಎಂದೇನಿಲ್ಲ.

ಈಗ ಪುಸ್ತಕ ಚರ್ಚೆಯ ವಿಷಯ. ನಮ್ಮಲ್ಲಿ ಪುಸ್ತಕ ಚರ್ಚೆ ಎಂದರೆ ಏನು? ವೇದಿಕೆ, ಹಾರ, ಅಧ್ಯಕ್ಷರು. ಒಬ್ಬರು ಒಂದೂವರೆ ಗಂಟೆ ಮಾತಾಡುತ್ತಾರೆ. ವಂದನಾರ್ಪಣೆಗೆ ಇಪ್ಪತ್ತು ನಿಮಿಷ. ಕೊನೆಗೆ 'ಪ್ರಶ್ನೆ ಇದ್ದರೆ ಕೇಳಿ' ಎನ್ನುವ ಹೊತ್ತಿಗೆ ಕಾಫಿ ಬಂದಿರುತ್ತದೆ. ಪುಸ್ತಕ ಯಾರೂ ಓದಿರುವುದಿಲ್ಲ, ಕೆಲವು ಸಲ ಮಾತಾಡಿದವರೂ ಸೇರಿ. ನಗಬೇಡಿ, ನೀವೂ ಅಂಥ ಸಭೆಗೆ ಹೋಗಿದ್ದೀರಿ.

ನಾವು ಊರಿನ ಗ್ರಂಥಾಲಯದಲ್ಲಿ ಮಾಡುವುದು ಬೇರೆ. ಮನೆಯಲ್ಲಿ ಓದಿಕೊಂಡು ಬನ್ನಿ ಎಂದು ಹೇಳುವುದಿಲ್ಲ. ಹಾಗೆ ಹೇಳಿದರೆ ಓದದವರು ಬರುವುದೇ ಇಲ್ಲ. ಅಲ್ಲೇ ಕೂತು ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಉಳಿದವರು ಕೇಳುತ್ತಾರೆ. ಅರ್ಧ ಗಂಟೆಯಲ್ಲಿ ಮುಗಿಯುವ ಕತೆ ಬೇಕು. ಅದಕ್ಕೆ ನಮ್ಮ ಜಿಲ್ಲೆಯಲ್ಲೇ ಒಳ್ಳೆಯ ಬುತ್ತಿ ಇದೆ. ಕೊಡಗಿನ ಗೌರಮ್ಮ. 1912ರಲ್ಲಿ ಇದೇ ಮಡಿಕೇರಿಯಲ್ಲಿ ಹುಟ್ಟಿದವರು. ಮದುವೆಯಾಗಿ ಸುಂಟಿಕೊಪ್ಪದ ಹತ್ತಿರ ತೋಟದ ಮನೆಯಲ್ಲಿದ್ದರು. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ನಮ್ಮ ಮನೆಗೂ ಬರಬೇಕು ಎಂದು ಊಟ ಬಿಟ್ಟು ಕೂತರು. ಗಾಂಧೀಜಿ ಬಂದರು. ಗೌರಮ್ಮ ತಮ್ಮ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟುಬಿಟ್ಟರು. 1939ರಲ್ಲಿ, 27ರ ವಯಸ್ಸಿನಲ್ಲಿ, ನೀರಿನಲ್ಲಿ ಮುಳುಗಿ ತೀರಿಕೊಂಡರು. ಅಷ್ಟರಲ್ಲೇ ವಿಧವೆಯರ ಬಗ್ಗೆ, ವರದಕ್ಷಿಣೆ ಬಗ್ಗೆ, ಗಂಡಸಿಗೊಂದು ಹೆಂಗಸಿಗೊಂದು ನ್ಯಾಯ ಇರುವುದರ ಬಗ್ಗೆ ಕತೆ ಬರೆದಿದ್ದರು. ಸಣ್ಣ ಕತೆಗಳು. ಮಾತು ತಿಳಿ. ಓದಿದರೆ ತೊಂಬತ್ತು ವರ್ಷ ಹಳೆಯದು ಎಂದು ಅನಿಸುವುದೇ ಇಲ್ಲ.

ಇನ್ನೊಂದು ಅನುಕೂಲ ಇದೆ. ನಮ್ಮ ದೇಶದ ಕಾನೂನಿನಲ್ಲಿ ಬರೆದವರು ತೀರಿಕೊಂಡ ಮೇಲೆ 60 ವರ್ಷ ಹಕ್ಕುಸ್ವಾಮ್ಯ ಇರುತ್ತದೆ. ಗೌರಮ್ಮನವರ ಕತೆಗಳಿಗೆ ಅದು 1999ಕ್ಕೇ ಮುಗಿದಿದೆ. ಆದ್ದರಿಂದ ಕತೆಯನ್ನು ಜೆರಾಕ್ಸ್ ಮಾಡಿ ಹಂಚಬಹುದು. ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿಸಬಹುದು. ಓದಿ ರೆಕಾರ್ಡ್ ಮಾಡಿ ವಾಟ್ಸಾಪಿಗೆ ಹಾಕಬಹುದು. ಯಾರ ಅನುಮತಿಯೂ ಬೇಡ. ಈಗಿನ ಲೇಖಕರ ಪುಸ್ತಕಕ್ಕೆ ಹೀಗೆ ಮಾಡಬೇಡಿ. ಪೂರ್ತಿ ಕಾದಂಬರಿಯ ಪಿಡಿಎಫ್ ಗ್ರೂಪಿಗೆ ಹಾಕುವವರು ಇಲ್ಲೂ ಇದ್ದಾರೆ ಎಂದು ಗೊತ್ತು. ಬರೆದವರ ಹೊಟ್ಟೆಗೆ ಹೊಡೆಯುವ ಕೆಲಸ ಅದು.

ಓದಿ ಮುಗಿದ ಮೇಲೆ ಏನು ಕೇಳಬೇಕು ಎಂಬುದು ಮುಖ್ಯ. 'ಈ ಕತೆಯ ಸಂದೇಶ ಏನು?' ಎಂದು ಕೇಳಿದರೆ ಎಲ್ಲರೂ ಶಾಲೆಗೆ ವಾಪಸ್ ಹೋಗುತ್ತಾರೆ. ತಲೆ ತಗ್ಗುತ್ತದೆ. 'ಆ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ?' ಎಂದು ಕೇಳಿ ನೋಡಿ. ಒಂದು ಸಲ ಹೀಗೆ ಕೇಳಿದಾಗ, ಅಲ್ಲಿಯವರೆಗೆ ಬಾಯೇ ಬಿಡದ ಒಬ್ಬ ಹಿರಿಯ ಹೆಂಗಸು ಹೇಳಿದರು: "ನಾನಾಗಿದ್ದರೆ ತವರಿಗೆ ಹೋಗುತ್ತಿರಲಿಲ್ಲ. ಹೋದರೆ ತಿರುಗಿ ಬರಲಿಕ್ಕೆ ದಾರಿ ಇರುವುದಿಲ್ಲ." ಪಕ್ಕದಲ್ಲಿದ್ದ ಚಿಕ್ಕ ಪ್ರಾಯದವಳು, "ಯಾಕೆ ಅಜ್ಜಿ, ಬಸ್ ಇಲ್ವಾ?" ಎಂದಳು. ಎಲ್ಲರೂ ನಕ್ಕರು. ಆಮೇಲೆ ಶುರುವಾದ ಮಾತು ಮುಗಿಯಲೇ ಇಲ್ಲ. ಯಾರ ಮನೆಯಲ್ಲಿ ಯಾರಿಗೆ ಆಸ್ತಿಯಲ್ಲಿ ಪಾಲು ಸಿಕ್ಕಿತು, ಯಾರಿಗೆ ಸಿಗಲಿಲ್ಲ ಎಂಬಲ್ಲಿಗೆ ಹೋಯಿತು. ನಾನು ತಡೆಯಲಿಲ್ಲ. ಕತೆಯಿಂದ ಆಚೆ ಹೋಯಿತಲ್ಲ ಎಂದು ಕೆಲವರಿಗೆ ಅನಿಸಬಹುದು. ನನಗೆ ಹಾಗನಿಸಲಿಲ್ಲ. ಕತೆ ಅವರ ಮನೆಯೊಳಗೆ ಹೋಗಿತ್ತು.

ಮಾತಾಡುವ ಭಾಷೆಯ ಬಗ್ಗೆಯೂ ಗಲಾಟೆ ಬೇಡ. ಕತೆ ಕನ್ನಡದಲ್ಲಿರಲಿ, ಮಾತು ಯಾವುದರಲ್ಲಾದರೂ ಇರಲಿ. ನಮ್ಮ ಜಿಲ್ಲೆಯಲ್ಲಿ ಒಂದೇ ಬೆಂಚಿನಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳ, ತುಳು, ಬ್ಯಾರಿ, ಯರವ ಮಾತು ಎಲ್ಲ ಇರುತ್ತವೆ. ಕನ್ನಡದಲ್ಲೇ ಮಾತಾಡಿ ಎಂದರೆ ಅರ್ಧ ಜನ ಬಾಯಿ ಮುಚ್ಚುತ್ತಾರೆ. ಪಕ್ಕದವರು ಹೇಳಿಕೊಡುತ್ತಾರೆ ಬಿಡಿ. ಇನ್ನೊಂದು ದಿನ 'ಪಟ್ಟೋಲೆ ಪಳಮೆ' ಇಟ್ಟುಕೊಂಡೆವು. ನಡಿಕೇರಿಯಂಡ ಚಿಣ್ಣಪ್ಪ ಅವರು ಕೊಡವ ಹಾಡುಗಳನ್ನು ಸೇರಿಸಿ 1924ರಲ್ಲಿ ಹೊರತಂದ ಪುಸ್ತಕ. ಕೊಡವ ಹಾಡು, ಕನ್ನಡ ಲಿಪಿ. ಹಾಡು ಬಾಯಿಪಾಠ ಇರುವ ಹಿರಿಯರಿಗೆ ಓದುವುದು ಕಷ್ಟ. ಓದಬಲ್ಲ ಮಕ್ಕಳಿಗೆ ಹಾಡು ಗೊತ್ತಿಲ್ಲ. ಇಬ್ಬರನ್ನೂ ಅಕ್ಕಪಕ್ಕ ಕೂರಿಸಿದೆವು. ಮಗು ಓದುತ್ತಾ ತಡವರಿಸಿದ ಕಡೆ ಅಜ್ಜ ಹಾಡಿ ಮುಗಿಸುತ್ತಿದ್ದರು. ಅಲ್ಲಲ್ಲಿ ಪುಸ್ತಕಕ್ಕೂ ಅಜ್ಜನ ಬಾಯಿಗೂ ತಾಳೆಯಾಗುತ್ತಿರಲಿಲ್ಲ. ಪುಸ್ತಕದ್ದೇ ಸರಿಯಿಲ್ಲ ಎಂದು ಅಜ್ಜನ ತೀರ್ಪು! ಕಾದಂಬರಿಗೆ ಬಂದರೆ ನಮ್ಮವರೇ ಆದ ಭಾರತೀಸುತರಿದ್ದಾರೆ. 'ಎಡಕಲ್ಲು ಗುಡ್ಡದ ಮೇಲೆ' ಸಿನಿಮಾ ನೋಡದವರು ನನ್ನ ಪ್ರಾಯದವರಲ್ಲಿ ಕಮ್ಮಿ. ಕಾದಂಬರಿ ಓದಿದವರು ಅದಕ್ಕಿಂತ ಕಮ್ಮಿ. ಸಿನಿಮಾ ಗೊತ್ತಿರುವುದರಿಂದ ಕಾದಂಬರಿ ಹಿಡಿಯುವ ಧೈರ್ಯ ಬರುತ್ತದೆ. ಎಲ್ಲಿ ಬದಲಾಯಿಸಿದ್ದಾರೆ ಎಂದು ಹುಡುಕಲಿಕ್ಕಾದರೂ ಓದುತ್ತಾರೆ.

ಇನ್ನು ಫೋನು, ಕಂಪ್ಯೂಟರ್. ಕೆಲವರು ಕೇಳುತ್ತಾರೆ, ಗ್ರಂಥಾಲಯದಲ್ಲಿ ಫೋನ್ ಕಲಿಸುವುದು ಯಾಕೆ, ಪುಸ್ತಕದ ಜಾಗ ಅದು ಅಂತ. ನನ್ನ ಮಟ್ಟಿಗೆ ಎರಡೂ ಒಂದೇ ಕೆಲಸ. ಕತೆ ಕೇಳಲೆಂದು ಬರದವರು ಫೋನ್ ಕಲಿಯಲು ಬರುತ್ತಾರೆ. ಒಂದೇ ಮಧ್ಯಾಹ್ನ ಮೊದಲ ಗಂಟೆ ಫೋನ್, ಆಮೇಲೆ ಕತೆ ಎಂದು ಇಟ್ಟರೆ ಮುಕ್ಕಾಲು ಪಾಲು ಜನ ಕೂತೇ ಇರುತ್ತಾರೆ. ಕಾಫಿ ಕೊಟ್ಟರೆ ಎಲ್ಲರೂ ಇರುತ್ತಾರೆ.

ದೊಡ್ಡವರಿಗೆ ಕಲಿಸುವಾಗ 'ಇದು ಮೌಸ್, ಇದು ಕೀಬೋರ್ಡ್' ಎಂದು ಶುರು ಮಾಡಬೇಡಿ. ಅವರು ಮಕ್ಕಳಲ್ಲ. ಅವರವರ ಕೆಲಸದಿಂದ ಶುರು ಮಾಡಿ. ನಮ್ಮಲ್ಲಿ ಮನೆಗೊಬ್ಬರಾದರೂ ಸೈನ್ಯದಲ್ಲಿದ್ದವರು ಎಂದು ಹೇಳುವ ಊರುಗಳಿವೆ. ಸೈನ್ಯದ ಪಿಂಚಣಿ ಈಗ 'ಸ್ಪರ್ಶ್' ಎಂಬ ಪೋರ್ಟಲ್ ಮೂಲಕ ಬರುತ್ತದೆ. ವರ್ಷಕ್ಕೊಮ್ಮೆ ನಾನು ಬದುಕಿದ್ದೇನೆ ಎಂದು ಜೀವನ ಪ್ರಮಾಣ ಪತ್ರ ಕೊಡಬೇಕು. ಮೊದಲು ಬ್ಯಾಂಕಿಗೋ ಕಚೇರಿಗೋ ಹೋಗಿ ಸಾಲಿನಲ್ಲಿ ನಿಲ್ಲಬೇಕಿತ್ತು. ಆಮೇಲೆ ಬೆರಳಚ್ಚು ಬಂತು. ವಯಸ್ಸಾದವರ, ಮಣ್ಣಿನಲ್ಲಿ ಕೆಲಸ ಮಾಡಿದವರ ಬೆರಳಿನ ಗೆರೆ ಸವೆದಿರುತ್ತದೆ, ಯಂತ್ರ ಒಪ್ಪುವುದಿಲ್ಲ. ಈಗ ಫೋನಿನ ಕ್ಯಾಮೆರಾದಲ್ಲಿ ಮುಖ ತೋರಿಸಿಯೇ ಮುಗಿಸಬಹುದು. ಇದನ್ನು ಕಲಿಸುತ್ತೇವೆ ಎಂದು ಒಂದು ಚೀಟಿ ಬರೆದು ಅಂಗಡಿ ಬಾಗಿಲಿಗೆ ಅಂಟಿಸಿ ನೋಡಿ. ಗ್ರಂಥಾಲಯದ ಮೆಟ್ಟಿಲು ಹತ್ತದ ಸುಬೇದಾರರು, ಹವಾಲ್ದಾರರು ಹೇಳಿದ ಹೊತ್ತಿಗಿಂತ ಹತ್ತು ನಿಮಿಷ ಮುಂಚೆ ಬಂದು ಕೂತಿರುತ್ತಾರೆ. ಶಿಸ್ತು ನೋಡಿ! ಒಬ್ಬರು ಮುಖ ತೋರಿಸುವಾಗ ಕಣ್ಣು ಮಿಟುಕಿಸಿ ಎಂದು ಫೋನ್ ಹೇಳಿದರೆ, ಅಟೆನ್ಷನ್‌ನಲ್ಲಿ ನಿಂತು ಮಿಟುಕಿಸದೆ ನೋಡುತ್ತಿದ್ದರು.

ಎರಡನೆಯದು ಆರ್‌ಟಿಸಿ, ಅಂದರೆ ಜಮೀನಿನ ಪಹಣಿ. 2000ದ ಹೊತ್ತಿಗೆ ಸರ್ಕಾರದ 'ಭೂಮಿ' ಯೋಜನೆ ಬಂದು ಕೈಬರಹದ ಪಹಣಿ ಕಂಪ್ಯೂಟರಿಗೆ ಹೋಯಿತು. ಈಗ ಕಂದಾಯ ಇಲಾಖೆಯ ಜಾಲತಾಣದಲ್ಲಿ ಸರ್ವೆ ನಂಬರ್ ಹಾಕಿದರೆ ನಿಮ್ಮ ಜಾಗದ ವಿವರ ಕಾಣುತ್ತದೆ. ಆದರೆ ಕೊಡಗಿನ ಜಾಗ ಅಷ್ಟು ಸುಲಭದ್ದಲ್ಲ, ನಿಮಗೇ ಗೊತ್ತು. ಜಮ್ಮಾ ಜಾಗ ಎಂದರೆ ತಲೆಮಾರಿನಿಂದ ಇಡೀ ಒಕ್ಕಕ್ಕೆ, ಅಂದರೆ ಮನೆತನಕ್ಕೆ, ಬಂದ ಜಾಗ. ಅದರಲ್ಲಿ ಮನೆತನದ ಪರವಾಗಿ ಪಟ್ಟೆದಾರರ ಹೆಸರು, ಅದರ ಜೊತೆ ಒಕ್ಕದವರ ಹೆಸರುಗಳ ಸಾಲು. ಕೆಲವರು ಯಾವತ್ತೋ ತೀರಿಕೊಂಡಿರುತ್ತಾರೆ. ತಮ್ಮ ಹೆಸರು ಎಲ್ಲಿದೆ ಎಂದು ಹುಡುಕುವುದೇ ಒಂದು ಪಾಠ. ಆ ಹುಡುಕಾಟದಲ್ಲಿ ಬೆರಳಿನಿಂದ ಪರದೆ ಸರಿಸುವುದು, ಅಕ್ಷರ ದೊಡ್ಡದು ಮಾಡುವುದು, ಚಿತ್ರ ಉಳಿಸಿಕೊಳ್ಳುವುದು ಎಲ್ಲ ತಾನಾಗಿ ಬಂದುಬಿಡುತ್ತದೆ. ಬೇರೆ ಪಾಠ ಯಾಕೆ? ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಗ್ರಂಥಾಲಯದಲ್ಲಿ ಆರ್‌ಟಿಸಿ ನೋಡುವುದನ್ನು ಕಲಿಸಬಹುದು, ಅದರ ತಕರಾರು ಬಿಡಿಸಲಾಗದು. ಅದಕ್ಕೆ ವಕೀಲರಿದ್ದಾರೆ, ತಾಲೂಕು ಕಚೇರಿ ಇದೆ. ಅಣ್ಣ ತಮ್ಮಂದಿರ ಜಗಳ ಓದುವ ಮೇಜಿನ ಮೇಲೆ ಬೇಡ.

ಮೂರನೆಯದು ದುಡ್ಡು. ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಯುಪಿಐ ಬಂದದ್ದು 2016ರಲ್ಲಿ. ಇವತ್ತು ಶುಕ್ರವಾರದ ಮಡಿಕೇರಿ ಸಂತೆಯಲ್ಲಿ ಸೊಪ್ಪಿನ ರಾಶಿಯ ಪಕ್ಕವೂ ಕ್ಯೂಆರ್ ಕೋಡ್ ನಿಂತಿರುತ್ತದೆ. ಬಳಸುವುದು ಎಲ್ಲರಿಗೂ ಬಂತು, ಅದರ ಒಂದು ನಿಯಮ ಮಾತ್ರ ಬಹಳ ಜನಕ್ಕೆ ತಲೆಗೆ ಹೋಗಿಲ್ಲ. ಪಿನ್ ಹಾಕುವುದು ದುಡ್ಡು ಕೊಡಲಿಕ್ಕೆ. ದುಡ್ಡು ತೆಗೆದುಕೊಳ್ಳಲು ಪಿನ್ ಬೇಡ, ಸ್ಕ್ಯಾನ್ ಮಾಡುವುದೂ ಬೇಡ. ಇದನ್ನು ನಮ್ಮ ಕ್ಲಾಸಿನಲ್ಲಿ ಎಲ್ಲರ ಬಾಯಲ್ಲೂ ಹೇಳಿಸುತ್ತೇವೆ.

ಯಾಕೆಂದರೆ ಕೊಡಗಿಗೆ ಸರಿಯಾಗಿ ತಾಗುವ ಒಂದು ಮೋಸ ಇದೆ. ಸೈನ್ಯದ ಅಧಿಕಾರಿ ಎಂದು ಹೇಳಿಕೊಂಡು ಫೋನ್ ಮಾಡುವವರು. ದೇಶದ ಬೇರೆ ಬೇರೆ ಕಡೆ ಇದು ನಡೆದಿದೆ, ಪತ್ರಿಕೆಗಳಲ್ಲೂ ಬಂದಿದೆ. "ನಾನು ಮೇಜರ್, ಕುಟುಂಬದ ಜೊತೆ ಬರುತ್ತೇನೆ, ನಾಲ್ಕು ದಿನಕ್ಕೆ ರೂಮ್ ಬೇಕು, ಮುಂಗಡ ಈಗಲೇ ಹಾಕುತ್ತೇನೆ" ಎನ್ನುತ್ತಾರೆ. ವಾಟ್ಸಾಪಿನಲ್ಲಿ ಸಮವಸ್ತ್ರದ ಫೋಟೊ, ಗುರುತಿನ ಚೀಟಿ ಬರುತ್ತದೆ. ಆಮೇಲೆ ಒಂದು ಕ್ಯೂಆರ್ ಕೋಡ್: "ಇದನ್ನು ಸ್ಕ್ಯಾನ್ ಮಾಡಿ, ಪಿನ್ ಹಾಕಿ, ದುಡ್ಡು ನಿಮಗೆ ಬರುತ್ತದೆ." ಹೋಂಸ್ಟೇ ನಡೆಸುವ ಮನೆಗಳು ನಮ್ಮಲ್ಲಿ ಎಷ್ಟಿವೆ! ಸೇನೆಯ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನಾಡಿನಲ್ಲಿ ಮೇಜರ್ ಎಂದರೆ ಯಾರು ಅನುಮಾನ ಪಡುತ್ತಾರೆ? ಮಾತು ಕೇಳಿದರೆ ಎದ್ದು ನಿಲ್ಲುವ ಜನ ನಾವು. ಅದಕ್ಕೇ ಈ ಪಾಠ ಹೇಳಲು ನಾನು ಮಾಜಿ ಸೈನಿಕರನ್ನೇ ಮುಂದೆ ಕೂರಿಸುತ್ತೇನೆ. "ನಿಜವಾದ ಅಧಿಕಾರಿ ಗುರುತಿನ ಚೀಟಿಯ ಫೋಟೊ ಹೀಗೆ ಕಂಡಕಂಡವರಿಗೆ ಕಳಿಸುವುದಿಲ್ಲ" ಎಂದು ಅವರು ಹೇಳಿದರೆ ಅದರ ತೂಕವೇ ಬೇರೆ.

'ಡಿಜಿಟಲ್ ಅರೆಸ್ಟ್' ಕೂಡ ಹೀಗೇ. ವಿಡಿಯೊ ಕಾಲ್ ಮಾಡಿ, ಪೊಲೀಸ್ ಎಂದು ಹೇಳಿ, ನಿಮ್ಮನ್ನು ಬಂಧಿಸಿದ್ದೇವೆ, ಕ್ಯಾಮೆರಾ ಮುಂದಿನಿಂದ ಏಳಬೇಡಿ ಎನ್ನುತ್ತಾರೆ. ಅಂಥ ಬಂಧನ ನಮ್ಮ ಕಾನೂನಿನಲ್ಲೇ ಇಲ್ಲ. ಫೋನ್ ಇಡಿ, ಅಷ್ಟೇ. ದುಡ್ಡು ಹೋಗಿಬಿಟ್ಟಿದ್ದರೆ ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಕೂಡಲೇ ಫೋನ್ ಮಾಡಿ. ಮನೆಯವರು ಬೈಯುತ್ತಾರೆ ಎಂದು ಎರಡು ದಿನ ಮುಚ್ಚಿಡಬೇಡಿ. ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ ಓಡುತ್ತಾ ಇರುತ್ತದೆ. ಬೇಗ ಹೇಳಿದರೆ ದಾರಿಯಲ್ಲೇ ತಡೆಯುವ ಅವಕಾಶ ಇರುತ್ತದೆ. ಇಲ್ಲೂ ನೋಡಿ, ಅಡ್ಡ ಬರುವುದು ನಾಚಿಕೆಯೇ. ಮೋಸಹೋದವರು ದಡ್ಡರಲ್ಲ. ಓದಿದವರು, ಬ್ಯಾಂಕಿನಲ್ಲಿ ಕೆಲಸ ಮಾಡಿದವರು ಕೂಡ ಹೋಗಿದ್ದಾರೆ. ನಮ್ಮ ಮೇಜಿನ ಸುತ್ತ ಒಬ್ಬರು ಧೈರ್ಯ ಮಾಡಿ ತಮ್ಮ ಕತೆ ಹೇಳಿದರು. ಹೇಳಿ ಮುಗಿಸುವಷ್ಟರಲ್ಲಿ ಇನ್ನಿಬ್ಬರು, "ನನಗೂ ಆಗಿದೆ" ಎಂದರು.

ಕಲಿಸುವವರಿಗೆ ನಾನು ಹೇಳುವುದು ಒಂದೇ. ಕೈ ಬೆನ್ನ ಹಿಂದೆ ಇಟ್ಟುಕೊಳ್ಳಿ. "ಕೊಡಿ ಆಂಟಿ, ನಾನು ಮಾಡಿಕೊಡ್ತೇನೆ" ಎಂದು ಫೋನ್ ಕಸಿದುಕೊಂಡು ಟಕಟಕ ಒತ್ತಿ ವಾಪಸ್ ಕೊಟ್ಟರೆ ಅವರು ಏನೂ ಕಲಿಯಲಿಲ್ಲ. ಮುಂದಿನ ವಾರ ಮತ್ತೆ ಅದೇ ಕೆಲಸಕ್ಕೆ ಬರುತ್ತಾರೆ. ಮಕ್ಕಳು ಮನೆಯಲ್ಲಿ ಮಾಡುವುದೂ ಇದನ್ನೇ, ಅದಕ್ಕೇ ಮನೆಯಲ್ಲಿ ಯಾರೂ ಕಲಿಯುವುದಿಲ್ಲ. ತಪ್ಪು ಗುಂಡಿ ಒತ್ತಲಿ, ಫೋನ್ ಹಾಳಾಗುವುದಿಲ್ಲ ಎಂದು ನೂರು ಸಲ ಹೇಳಿ. ಪಾಸ್‌ವರ್ಡ್ ಕಲಿಸುವವರ ಕಿವಿಗೆ ಬೀಳಬಾರದು. ಗ್ರಂಥಾಲಯದ ಕಂಪ್ಯೂಟರಿನಲ್ಲಿ ಕೆಲಸ ಮುಗಿದ ಮೇಲೆ ಲಾಗ್ ಔಟ್ ಮಾಡಿಸದೆ ಏಳಲು ಬಿಡಬೇಡಿ.

ಟೈಪಿಂಗ್ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕನ್ನಡ ಬರೆಯಲು ಕಷ್ಟ ಎನ್ನುವವರಿಗೆ ಮೈಕ್ ಗುರುತು ತೋರಿಸಿ. ಮಾತಾಡಿದರೆ ಫೋನೇ ಬರೆಯುತ್ತದೆ. ನಮ್ಮ ಉಚ್ಚಾರಕ್ಕೆ ಅದು ಕೆಲವೊಮ್ಮೆ ಏನೇನೋ ಬರೆಯುತ್ತದೆ, ಅದೂ ಒಂದು ತಮಾಷೆ. ಓದಲು ಬಾರದವರಿಗೆ ಪರದೆಯ ಮೇಲಿನದನ್ನು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯವೂ ಅದೇ ಫೋನಿನಲ್ಲಿದೆ. ಹಾಡಿಯಿಂದ ಬರುವ ಕೆಲವು ಹೆಂಗಸರಿಗೆ ಅದು ತುಂಬ ಹಿಡಿಸಿದೆ.

ಸಮಯದ ಮಾತು. ಕ್ಯಾಲೆಂಡರ್ ನೋಡಿ ಕ್ಲಾಸ್ ಇಡಬೇಡಿ, ತೋಟ ನೋಡಿ ಇಡಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಕಾಫಿ ಕೊಯ್ಲು. ಅರೇಬಿಕಾ ಮುಗಿಯಿತು ಎನ್ನುವಾಗ ರೊಬಸ್ಟಾ ಬರುತ್ತದೆ. ಆಗ ಯಾರನ್ನು ಕರೆದರೂ ಬೈಗುಳ ತಿನ್ನಬೇಕು. ಜೂನ್ ಜುಲೈ ಮಳೆಗೆ ಕರೆಂಟ್ ಹೋದರೆ ಯಾವಾಗ ಬರುತ್ತದೋ. ಆದರೆ ಕಕ್ಕಡದ, ಅಂದರೆ ಆಟಿ ತಿಂಗಳ, ಮಳೆಯಲ್ಲಿ ಜನಕ್ಕೆ ಪುರುಸೊತ್ತಿರುತ್ತದೆ. ಆಗ ಕತೆ ಇಡಿ, ಫೋನ್ ಬೇಡ. ಕೂಲಿ ಕೆಲಸದವರಿಗೆ ಭಾನುವಾರ ಬಿಟ್ಟರೆ ಬೇರೆ ದಿನ ಇಲ್ಲ. ಭಾನುವಾರ ತೆರೆಯಬೇಕೆಂದರೆ ಗ್ರಂಥಾಲಯದ ಮೇಲ್ವಿಚಾರಕರಿಗೆ ಬದಲಿ ರಜೆ ಕೊಡಬೇಕು. ಇರುವ ಸಂಬಳಕ್ಕೆ ಅವರೇ ಕಸ ಗುಡಿಸಿ, ಮಕ್ಕಳನ್ನು ನೋಡಿಕೊಂಡು, ಪೇಪರ್ ಜೋಡಿಸಿ, ಈಗ ದೊಡ್ಡವರಿಗೆ ಪಾಠವನ್ನೂ ಮಾಡಿ ಎನ್ನುವುದು ನ್ಯಾಯ ಅಲ್ಲ. ಕಾಲೇಜು ಮಕ್ಕಳು, ನಿವೃತ್ತ ಶಿಕ್ಷಕರು ಸೇರಿಕೊಳ್ಳಲಿ. ಪಂಚಾಯಿತಿ ಸದಸ್ಯರು ಇಲ್ಲಿ ಕೆಲವರಿದ್ದೀರಿ, ಗ್ರಾಮಸಭೆಯಲ್ಲಿ ಈ ವಿಷಯ ಎತ್ತಿ.

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ, ಅವರ ಊರಿನ ಗ್ರಂಥಾಲಯದಲ್ಲಿ ನೆಟ್‌ವರ್ಕೇ ಇಲ್ಲ, ಏನು ಮಾಡುವುದು ಅಂತ. ನೆಟ್ ಇಲ್ಲದೆಯೂ ಕಲಿಸಬಹುದಾದದ್ದು ಬೇಕಾದಷ್ಟಿದೆ. ಅಕ್ಷರ ದೊಡ್ಡದು ಮಾಡುವುದು, ನಂಬರ್ ಬ್ಲಾಕ್ ಮಾಡುವುದು, ತುರ್ತು ಸಂಪರ್ಕ ಹಾಕಿಡುವುದು, ಫೋಟೊ ಹುಡುಕುವುದು. ಪಿನ್ ನಿಯಮವನ್ನು ಕಾಗದದಲ್ಲೇ ಕಲಿಸಬಹುದು. ಪುಸ್ತಕಗಳನ್ನು ನೆಟ್ ಇರುವ ಕಡೆ ಇಳಿಸಿಕೊಂಡು ಬಂದರಾಯಿತು.

ಇನ್ನೊಂದು ಪ್ರಶ್ನೆ, ಮನೆಯಲ್ಲಿರುವ ಹಳೆಯ ಪುಸ್ತಕ ಗ್ರಂಥಾಲಯಕ್ಕೆ ಕೊಡಬಹುದಾ? ಕೊಡಿ, ಆದರೆ ಗೆದ್ದಲು ಹಿಡಿದದ್ದು, ಮೂವತ್ತು ವರ್ಷ ಹಿಂದಿನ ಗೈಡು ತಂದು ಸುರಿಯಬೇಡಿ. ನನಗೆ ಬೇಕಾಗಿರುವುದು ಬೇರೆ. ಇಲ್ಲಿ ಬೆಳೆಗಾರರು ಇದ್ದೀರಿ. ನಿಮ್ಮಲ್ಲಿ ಹಲವರ ಮನೆಯಲ್ಲಿ ಅಪ್ಪ, ಅಜ್ಜ ಬರೆದ ಮಳೆ ಡೈರಿ ಇದೆ. ದಿನಕ್ಕೆ ಎಷ್ಟು ಇಂಚು, ಕಾಫಿ ಹೂ ಅರಳಿಸುವ ಹೂಮಳೆ ಯಾವತ್ತು ಬಂತು, ಎಲ್ಲ ಬರೆದಿರುತ್ತಾರೆ. 2018ರ ಆಗಸ್ಟಿನಲ್ಲಿ ಗುಡ್ಡ ಜರಿದಾಗ ಮನೆಗಳ ಜೊತೆ ಇಂಥ ಎಷ್ಟೋ ಕಾಗದ ಹೋಯಿತು. ಆ ಡೈರಿಯನ್ನು ದಾನ ಕೊಡಿ ಎಂದು ನಾನು ಕೇಳುವುದಿಲ್ಲ, ಅದು ನಿಮ್ಮ ಮನೆಯಲ್ಲೇ ಇರಲಿ. ಮಳೆ ನಿಂತ ಮೇಲೆ ಒಂದು ದಿನ ತನ್ನಿ. ಫೋನಿನಲ್ಲಿ ಸ್ಕ್ಯಾನ್ ಮಾಡುವುದನ್ನು ಕಲಿಸುತ್ತೇವೆ, ನೀವೇ ಮಾಡಿ, ಒಂದು ಪ್ರತಿ ಗ್ರಂಥಾಲಯದ ಕಂಪ್ಯೂಟರಿಗೆ ಹಾಕಿ. ಹಾಕುವಾಗ ಕಡತದ ಹೆಸರಿನಲ್ಲಿ ಊರು ಮತ್ತು ಇಸವಿ ಬರೆಯಿರಿ. ಬರೀ ಫೋಟೊ ಹಾಕಿದರೆ ಹತ್ತು ವರ್ಷದ ಮೇಲೆ ಅದು ಯಾವ ತೋಟದ ಮಳೆ ಎಂದು ಯಾರಿಗೂ ತಿಳಿಯುವುದಿಲ್ಲ.